ಅಳೆದವರ ಋಣ

ಅಮೆರಿಕದಲ್ಲಿ ದುಡಿಯುವ ನಮ್ಮಲ್ಲಿ ಬಹುಮಂದಿಗೆ ಪರಿಚಯವಿರುವ ಪ್ರಶ್ನಾವಳಿ ಒಂದಿದೆ. ಆಸ್ಪತ್ರೆಯವರೂ ಕೊಡುತ್ತಾರೆ, ಕಂಪ್ಯೂಟರ್ ಕಂಪನಿಯವರೂ ಕೊಡುತ್ತಾರೆ. ಕೆಲಸ ಮಾಡುವಾಗ ಮೈಯಲ್ಲಿ ಕಸುವಿದೆಯೆ, ಬೆಳಿಗ್ಗೆ ಎದ್ದರೆ ಕೆಲಸಕ್ಕೆ ಹೋಗುವ ಮನಸ್ಸಾಗುತ್ತದೆಯೆ, ಹೊಸದೇನಾದರೂ ಹೊಳೆಯುತ್ತದೆಯೆ, ದಣಿದಾಗ ನಿಮ್ಮನ್ನು ನೀವೇ ಸುಧಾರಿಸಿಕೊಳ್ಳುತ್ತೀರಾ, ಹೀಗೆ. ಅಂಕ ಹಾಕಬೇಕು. ನಾವು ಐದೋ ಆರೋ ಹಾಕಿ ಮುಂದಿನ ರೋಗಿಯನ್ನು ನೋಡಲು ಓಡುತ್ತೇವೆ.

ಇದರ ಹಿಂದೆ ಶಾಸ್ತ್ರವಿಲ್ಲವೆಂದಲ್ಲ. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ದುಡಿಮೆಯ ಬಳಲಿಕೆಯನ್ನು ಅಳೆಯುವ ಪಟ್ಟಿ ಪ್ರಕಟಿಸಿದರು. ಮುಂದೆ ಹಾಲೆಂಡಿನ ಯೂಟ್ರೆಕ್ಟ್‌ನ ಮನಶ್ಶಾಸ್ತ್ರಜ್ಞರು ಬಳಲಿಕೆಯ ಬದಲು ಚೈತನ್ಯ, ನಿಷ್ಠೆ, ತನ್ಮಯತೆ ಎಂಬ ಮೂರನ್ನು ಅಳೆಯಲು 17 ಪ್ರಶ್ನೆಗಳನ್ನು ರಚಿಸಿದರು. 2006ರಲ್ಲಿ ಅದರ 9 ಪ್ರಶ್ನೆಗಳ ಚಿಕ್ಕ ಪಟ್ಟಿಯೂ ಬಂತು.

ಅಳತೆಯ ಮೇಲೆ ನಮಗೆ ಸಿಟ್ಟಿಲ್ಲ. ವೈದ್ಯರ ಅನ್ನವೇ ಅಳತೆ. ಆದರೆ ರಕ್ತದೊತ್ತಡ ನೋಡಿದ ಮೇಲೆ 200 ಬಂದರೆ ಅದನ್ನು ಬರೆದಿಟ್ಟು ಮನೆಗೆ ಹೋಗುವಂತಿಲ್ಲ. ಅಳೆದವರ ಮೇಲೆ ಋಣ ಬೀಳುತ್ತದೆ. ನೌಕರರ ಹುರುಪನ್ನು ಅಳೆಯುವವರು ಎಷ್ಟೋ ಸಲ ಆ ಋಣವನ್ನು ಅಂಕ ಹಾಕಿದವರ ತಲೆಗೇ ಕಟ್ಟುತ್ತಾರೆ. ನಿಮ್ಮ ಶಕ್ತಿ ನಿಮ್ಮ ಕೈಯಲ್ಲಿದೆ, ದೀರ್ಘವಾಗಿ ಉಸಿರೆಳೆಯಿರಿ, ಧ್ಯಾನ ಮಾಡಿ ಎನ್ನುತ್ತಾರೆ. (ಪ್ರಾಣಾಯಾಮವನ್ನು ನಮಗೇ ಹೇಳಿಕೊಡುತ್ತಾರೆ, ಇರಲಿ.) ಒಬ್ಬಳೇ ನರ್ಸು ಇಬ್ಬರ ಕೆಲಸ ಮಾಡುತ್ತಿದ್ದರೆ ಅವಳು ಯಾವ ಉಸಿರನ್ನು ಎಳೆದಾಳು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಳಲಿಕೆಯನ್ನು ರೋಗವೆನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಹೆಸರಿಸಿದ್ದು ಸುಮ್ಮನೆ ಅಲ್ಲ.

ನಾವು ರೆಸಿಡೆನ್ಸಿ ಮಾಡುವಾಗ 36 ಗಂಟೆ ಎಡೆಬಿಡದೆ ನಿಲ್ಲುವುದು ಪೌರುಷವೆನಿಸಿಕೊಂಡಿತ್ತು. ಆಗ ಯಾರಾದರೂ ಕೇಳಿದ್ದರೆ ಉತ್ಸಾಹಕ್ಕೆ ಆರಕ್ಕೆ ಆರು ಹಾಕುತ್ತಿದ್ದೆವು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಯಾನ್ ಎಂಬ 18 ವರ್ಷದ ಹುಡುಗಿ ತೀರಿಕೊಂಡಳು. ಅವಳನ್ನು ನೋಡಿಕೊಂಡವರು ದೀರ್ಘ ಪಾಳಿಯ ರೆಸಿಡೆಂಟುಗಳು. ತಂದೆ ಬಿಡದೆ ಹೋರಾಡಿದರು. 1989ರಲ್ಲಿ ಆ ರಾಜ್ಯ ರೆಸಿಡೆಂಟುಗಳ ವಾರವನ್ನು 80 ಗಂಟೆಗೆ ಮಿತಿಗೊಳಿಸಿತು; 2003ರಲ್ಲಿ ದೇಶಕ್ಕೆಲ್ಲ ಅದೇ ಮಿತಿ ಬಂತು. ಅಲ್ಲಿ ಎಣಿಸಿದ್ದು ಗಂಟೆಗಳನ್ನು, ಹುರುಪನ್ನಲ್ಲ.

ಹಾಗೆಂದು ನಮ್ಮ ಶಕ್ತಿಯ ಹೊಣೆ ನಮಗಿಲ್ಲವೆ? ಇದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅವನ ಚುರುಕುತನವನ್ನು ಹೊಗಳಲಿಲ್ಲ. ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬಾ ಎಂದು ಕಳಿಸಿದಳು. ಕಾಯಕಕ್ಕೆ ಮಿತಿ ಹಾಕುವ ಸ್ವಾತಂತ್ರ್ಯ ಆ ಮನೆಗಿತ್ತು. ವೀಸಾ ಮಾಲೀಕರ ಕೈಯಲ್ಲಿರುವ ನಮ್ಮ ಹುಡುಗರಿಗೆ, ಹುಡುಗಿಯರಿಗೆ ಅದು ಎಷ್ಟಿದೆ? ಪ್ರಶ್ನಾವಳಿಯಲ್ಲಿ ಹೆಸರಿರುವುದಿಲ್ಲ ಎಂದು ಎಷ್ಟು ಭರವಸೆ ಕೊಟ್ಟರೂ ಅವರು ‘ಸಾಕಾಗಿದೆ’ ಎಂದು ಬರೆದಾರೆಯೆ? ಬರುವ ಅಂಕ ಭಯದ್ದೋ ಉತ್ಸಾಹದ್ದೋ ಎಂದು ಯಾವ ಕೋಷ್ಟಕವೂ ಹೇಳದು.

ನಮ್ಮಲ್ಲಿ ಕೆಲವರು ಈಗ ಈ ಹಾಳೆಗಳನ್ನು ಹಂಚುವ ಸ್ಥಾನದಲ್ಲಿದ್ದೇವೆ. ಹಂಚುವ ಮೊದಲೇ ಮೇಲಿನವರನ್ನು ಕೇಳಬಹುದು: ಅಂಕ ಇಳಿದರೆ ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಕೊಡುತ್ತೀರಾ? ಇಲ್ಲವೆಂದರೆ ಹೋದ ವರ್ಷದ ಹಾಳೆಗಳು ಕಪಾಟಿನಲ್ಲಿ ಇದ್ದೇ ಇವೆ.