ಆಳು ಮಾಡಿದ್ದು ಯಾಕೆ ಹಾಳು?

“ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು.” ಪ್ಲಂಬರ್ ಬಂದು ಸರಿಮಾಡಿ ಹೋದ ನಲ್ಲಿ ಮರುದಿನವೇ ತೊಟ್ಟಿಕ್ಕತೊಡಗಿದರೆ ಮನೆಯ ಹಿರಿಯರು ಮೊದಲು ಎತ್ತುವುದು ಈ ಗಾದೆಯನ್ನೇ. ತಾನು, ಮಗ, ಆಳು ಎನ್ನುವಲ್ಲೇ ಒಕ್ಕಲುತನದ ಮನೆಯ ವಾಸನೆಯಿದೆ. ಮನೆ ರಿಪೇರಿಗೂ ಅದು ಸಲ್ಲುತ್ತದೆಯೇ?

ಗದಗದಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಸಿಗುವ ಬಿಂಕದಕಟ್ಟಿಯ ಕಡೆಯ ಮನೆಗಳನ್ನೇ ನೋಡೋಣ. ಈ ಸೀಮೆಯ ಹಳೆಯ ಮನೆಗಳದ್ದು ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಗೆದ್ದಲು ಹತ್ತದಿರಲೆಂದು ಬೇವಿನ ತಪ್ಪಲು, ಅದರ ಮೇಲೆ ದಪ್ಪನೆಯ ಮಣ್ಣು. ತುದಿಗೆ ಸವಳು ಮಣ್ಣು. ಹೊಲದಲ್ಲಿ ಯಾರಿಗೂ ಬೇಡವಾದ ಈ ಮಣ್ಣು ಮಾಳಿಗೆಯ ಮೇಲೆ ಬಂಗಾರ. ಅದರಲ್ಲಿರುವ ಸೋಡಿಯಂ ಅಂಶದಿಂದ ಮಣ್ಣಿನ ಕಣಗಳು ನೆನೆದಾಗ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ನಾಡಿಗೆ ಇಷ್ಟು ಸಾಕು.

ಸಾಕು, ಆದರೆ ಪ್ರತಿ ವರ್ಷ ಕೈಯಾಡಿಸಬೇಕು. ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು, ಇಲಿ ಬಿಲ ಮುಚ್ಚಿ, ಹೊಸ ಸವಳು ಹರಡಬೇಕು. ಮಳೆ ಹಿಡಿದಾಗ ಒಳಗಿನಿಂದ ಹೆಣ್ಣುಮಕ್ಕಳು ಕೋಲಿನಿಂದ ಜಂತಿ ಕುಟ್ಟಿ “ಇಲ್ಲೆ ಹನಿಯಾಕತ್ತೈತಿ ನೋಡ್ರಿ” ಎನ್ನಬೇಕು, ಮೇಲೆ ಗೋಣಿಚೀಲ ಹೊದ್ದು ನಿಂತವನು ಆ ಜಾಗವನ್ನು ಕಾಲಿನಿಂದ ತುಳಿಯಬೇಕು. ಇಲ್ಲಿ ‘ತಾನು ಮಾಡುವುದು ಉತ್ತಮ’ ಎಂಬುದು ಅಕ್ಷರಶಃ ನಿಜ. ನಡುರಾತ್ರಿಯ ಮಳೆಯಲ್ಲಿ ಯಾವ ಆಳು ಬಂದಾನು? ಆರೈಕೆ ತಪ್ಪಿದ ಮಣ್ಣಿನ ಮನೆ ಜಡಿಮಳೆಗೆ ತಾಳುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಮಳೆಯಂತೂ ಆರೈಕೆಯಿದ್ದದ್ದು, ಇಲ್ಲದ್ದು ಎಂದು ನೋಡದೆ ಉತ್ತರ ಕರ್ನಾಟಕದಲ್ಲಿ ಇಂಥ ಮನೆಗಳನ್ನು ಸಾಲುಸಾಲಾಗಿ ಕೆಡವಿತು.

ಹಾಗೆಂದು ಹಳೆಯ ಊರಲ್ಲಿ ಎಲ್ಲರೂ ಎಲ್ಲವನ್ನೂ ತಾವೇ ಮಾಡುತ್ತಿರಲಿಲ್ಲ. ಮಣ್ಣು ಹೊರಲು ಮುಯ್ಯಾಳು ಇತ್ತು: ಇಂದು ನಿಮ್ಮ ಮಾಳಿಗೆಗೆ ನಾವು, ನಾಳೆ ನಮ್ಮ ಮಾಳಿಗೆಗೆ ನೀವು. ಬಾಗಿಲು, ಚೌಕಟ್ಟು ಸಡಿಲಾದರೆ ಬಡಿಗೇರ; ಕೊಂಡಿ, ಚಿಲಕಕ್ಕೆ ಕಮ್ಮಾರ. ಇವರು ಆಯಗಾರರು. ದಿನದ ಕೂಲಿಯಲ್ಲ, ಸುಗ್ಗಿಯಲ್ಲಿ ಕಣದಿಂದ ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ಇಂದು ಕೂಡಿಸಿದ ಬಾಗಿಲು ಮಳೆಗಾಲದಲ್ಲಿ ಬಿಗಿದರೆ ಅದನ್ನು ಹೆರೆಯಲು ಅದೇ ಬಡಿಗೇರ ಬರಬೇಕು. (ಆ ವ್ಯವಸ್ಥೆಗೆ ಜಾತಿಯ ಕಟ್ಟೂ ಇತ್ತೆಂಬುದನ್ನು ಮರೆತು ಹೊಗಳುವುದು ಬೇಡ.) ದೇವಾಲಯಗಳಿಗೆ ದತ್ತಿ ಬಿಟ್ಟ ಹಳೆಯ ಶಾಸನಗಳಲ್ಲೂ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಆದಾಯ ಮೀಸಲಿಟ್ಟಿರುವುದು ಮತ್ತೆ ಮತ್ತೆ ಕಾಣುತ್ತದೆ. ಒಡೆದದ್ದು, ಬಿರಿದದ್ದು ನಾಳೆಯೂ ಇರುತ್ತದೆಂದು ಕಟ್ಟಿಸಿದವರಿಗೆ ಗೊತ್ತಿತ್ತು.

ಹಾಗಾದರೆ ಗಾದೆಯ ‘ಆಳು’ ಯಾರು? ಸಂಜೆ ಕೂಲಿ ಪಡೆದು ಹೋದರೆ ಮತ್ತೆ ಆ ಹೊಸ್ತಿಲು ತುಳಿಯಬೇಕಿಲ್ಲದವನು. ಕೆಲಸ ಹಾಳಾಗುವುದು ಕೈಯಿಂದಲ್ಲ, ಮರಳಿ ಬರಬೇಕಾದ ಕಾರಣವೇ ಇಲ್ಲದ್ದರಿಂದ. ಗಾದೆ ಅವನ ಮೇಲೆ ಹೊರಿಸಿದ ದೋಷದಲ್ಲಿ ಅರ್ಧ, ಒಂದೇ ದಿನಕ್ಕೆ ಕರೆದವನದ್ದು.

ಈಗ ಮಾಳಿಗೆ ಹೋಗಿ ಸ್ಲ್ಯಾಬ್ ಬಂದಿದೆ. ಸ್ಲ್ಯಾಬ್ ಸೋರಿದರೆ ಒದ್ದೆ ಕಾಣುವುದು ಒಂದು ಕಡೆ, ಬಿರುಕು ಇರುವುದು ಇನ್ನೊಂದು ಕಡೆ. ಕಂಡಲ್ಲಿ ಸಿಮೆಂಟ್ ಮೆತ್ತುವ ಯಜಮಾನನ ‘ಉತ್ತಮ’ ಮುಂದಿನ ಬೇಸಿಗೆಗೆ ಮತ್ತೆ ಬಿರಿಯುತ್ತದೆ. ಇಲ್ಲಿ ಬಲ್ಲ ಗೌಂಡಿಯೇ ಬೇಕು. ವೈರಿಂಗ್‌ಗಂತೂ ಲೈಸೆನ್ಸ್ ಇದ್ದವರೇ ಬೇಕು. ಮನೆಯವರು ಮಾಡಬಹುದಾದದ್ದು ತಾರಸಿ ಹತ್ತಿ ಪೈಪಿನ ಬಾಯಿಗೆ ಸಿಕ್ಕ ಎಲೆ ತೆಗೆಯುವುದು, ಕೆಲಸ ಮುಗಿದ ಮೇಲೆ ಒಂದು ದಿನ ನೀರು ನಿಲ್ಲಿಸಿ ನೋಡುವುದು.

ಒಳ್ಳೆಯ ಗೌಂಡಿ ಸಿಕ್ಕರೆ ಪ್ರತಿ ವರ್ಷ ಅವರನ್ನೇ ಕರೆಯಿರಿ. ಏಪ್ರಿಲ್‌ನಲ್ಲೇ ಕರೆಯಿರಿ, ಜೂನ್‌ನಲ್ಲಿ ಅವರು ಸಿಗುವುದಿಲ್ಲ.