ಹೇಳಬಾರದ ನಂಬಿಕೆಗೆ ಸಾಕ್ಷಿ

ದಕ್ಷಿಣ ಆಸ್ಟ್ರೇಲಿಯಾದ ಗೂಲ್ವ, ಮರ್ರೆ ನದಿಯ ಅಳಿವೆಗೆ ಹತ್ತಿರದ ಸಣ್ಣ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿದೋಣಿಗಳ ಬಂದರಾಗಿದ್ದ ಇಲ್ಲಿಗೆ ಈಗ ಜನ ಬರುವುದು ಬಿಸಿಲು, ದೋಣಿವಿಹಾರ ಅರಸಿ. ಹಳೆಯ ಹಡಗುಕಟ್ಟೆಯ ಮಗ್ಗುಲಿನಿಂದ ಹಿಂಡ್‌ಮಾರ್ಷ್ ದ್ವೀಪಕ್ಕೆ ಸೇತುವೆಯೊಂದು ಹಾದುಹೋಗಿದೆ. ಹೊರಗಿನವರಿಗೆ ತಿಳಿಸಲೇಬಾರದ ನಂಬಿಕೆಯನ್ನು ಅದೇ ಹೊರಗಿನವರ ಮುಂದೆ ರುಜುವಾತು ಮಾಡುವುದು ಹೇಗೆ ಎಂಬ ತೊಡಕು ಎದ್ದದ್ದು ಈ ಸೇತುವೆಯಿಂದ.

ಈ ದ್ವೀಪವನ್ನು ನರಿಂಜೆರಿ ಮೂಲನಿವಾಸಿಗಳು ಕರೆಯುವುದು ಕುಮರಾಂಕ್ ಎಂದು. ನೀರು ದಾಟಿಸುವ ಬಾರ್ಜ್ ಇದ್ದ ಕಡೆ ಸೇತುವೆ ಕಟ್ಟಲು ಹೊರಟಾಗ ಡೊರೀನ್ ಕಾರ್ಟಿನ್ಯೇರಿ ಮೊದಲಾದ ಹೆಂಗಸರು ಅಡ್ಡಬಂದರು. ಆ ನೆಲಕ್ಕೂ ನೀರಿಗೂ ಹೆಣ್ಣಿನ ಸಂತಾನಶಕ್ತಿಗೂ ನಂಟಿದೆ, ಅದರ ವಿವರ ಹೆಂಗಸರಿಂದ ಹೆಂಗಸರಿಗಷ್ಟೇ ದಾಟಬೇಕು ಎಂಬುದು ಅವರ ಮಾತು. ವಿವರವನ್ನು ಬರೆದು, ಹೆಂಗಸರು ಮಾತ್ರ ಓದತಕ್ಕದ್ದೆಂದು ಸೂಚಿಸಿ, ಲಕೋಟೆಯಲ್ಲಿಟ್ಟು ಅಂಟಿಸಿ ಕೊಡಲಾಯಿತು. ಕೇಂದ್ರ ಸಚಿವ ರಾಬರ್ಟ್ ಟಿಕ್ನರ್ ಅದನ್ನು ತಾವು ಓದದೆ ಮಹಿಳಾ ಸಿಬ್ಬಂದಿಯಿಂದ ಓದಿಸಿ, 1994ರ ಜುಲೈನಲ್ಲಿ ಸೇತುವೆಗೆ 25 ವರ್ಷಗಳ ತಡೆ ಹಾಕಿದರು. ಮರುವರ್ಷ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಸಚಿವರು ಖುದ್ದಾಗಿ ಪರಿಶೀಲಿಸಿಲ್ಲ ಎಂಬುದೂ ಒಂದು ಕಾರಣ. ನಂಬಿಕೆಗೆ ತೋರಿದ ಮರ್ಯಾದೆಯೇ ಕಾನೂನಿನ ಕಣ್ಣಿಗೆ ಲೋಪವಾಯಿತು.

ಅಷ್ಟರಲ್ಲಿ ಅದೇ ಸಮುದಾಯದ ಬೇರೆ ಕೆಲವು ಹೆಂಗಸರು ಇಂಥದ್ದನ್ನು ತಾವು ಕೇಳಿಯೇ ಇಲ್ಲ ಎಂದರು. 1995ರ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗ ಇದೆಲ್ಲ ಕಟ್ಟುಕತೆ ಎಂದು ತೀರ್ಮಾನಿಸಿತು. ರೊನಾಲ್ಡ್ ಮತ್ತು ಕ್ಯಾಥರೀನ್ ಬರ್ನ್ಟ್ ದಂಪತಿಯ ಮಾನವಶಾಸ್ತ್ರ ಗ್ರಂಥದಲ್ಲಿ ಇದರ ಸುಳಿವಿಲ್ಲ ಎಂಬ ವಾದವೂ ಮುಂದೆ ಬಂದಿತ್ತು. ಈ ವಾದ ದುರ್ಬಲ. ಗುಟ್ಟು ಗುಟ್ಟಾಗಿಯೇ ಉಳಿದಿದ್ದರೆ ಪುಸ್ತಕದಲ್ಲಿ ಸಿಗುವುದಾದರೂ ಹೇಗೆ? ಕಿವಿಯಲ್ಲಿ ಉಪದೇಶವಾದ ಮಂತ್ರ ಪಕ್ಕದಲ್ಲಿ ಕುಳಿತವರಿಗೂ ಕೇಳಿಸದು. ಹಾಗೆಂದು ಒಪ್ಪದ ಹೆಂಗಸರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಅವರೂ ಅದೇ ನೆಲದವರು. ಗುಟ್ಟನ್ನು ನಂಬಿದವರು ಮಾತ್ರ ಆಯೋಗದ ಮುಂದೆ ಸಾಕ್ಷ್ಯ ನುಡಿಯಲಿಲ್ಲ. ನುಡಿದರೆ ನಿಯಮ ಮುರಿದಂತೆ, ಸುಮ್ಮನಿದ್ದರೆ ಸುಳ್ಳೆಂದು ಒಪ್ಪಿದಂತೆ.

ಸೇತುವೆ 2001ರ ಮಾರ್ಚ್‌ನಲ್ಲಿ ತೆರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಸೇತುವೆ ಬಯಸಿದ್ದ ಬಿಲ್ಡರ್‌ಗಳು ಪರಿಹಾರ ಕೇಳಿ ಹೂಡಿದ್ದ ದಾವೆಯಲ್ಲಿ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಜಾನ್ ವಾನ್ ಡೂಸಾ, ನಂಬಿಕೆಯನ್ನು ಹೆಣೆದದ್ದೆಂದು ತಮಗೆ ಮನವರಿಕೆಯಾಗಿಲ್ಲ ಎಂದರು. ಅವರು ನಿಜವೆಂದೂ ಸಾರಲಿಲ್ಲ, ಸುಳ್ಳೆಂಬ ಆರೋಪ ನಿಲ್ಲಲಿಲ್ಲ ಎಂದರಷ್ಟೇ. ನ್ಯಾಯಾಲಯ ಹೋಗಬಹುದಾದ ದೂರ ಬಹುಶಃ ಅಷ್ಟೇ. ಹೆಂಗಸರ ನಂಬಿಕೆ ನಿಜವಾದದ್ದೆಂದು ರಾಜ್ಯ ಸರ್ಕಾರ 2010ರಲ್ಲಿ ಒಪ್ಪಿಕೊಂಡಿತು.