ಮೂರು ಮಾತಿನ ತಮಿಳು

ಅರವತ್ತು ದಾಟಿದ ಮೇಲೆ ಸ್ಪ್ಯಾನಿಷ್ ಕಲಿಯೋಕೆ ಹೊರಟೆ ಅಂದಾಗ ನಮ್ಮ ಪಶ್ಚಿಮ ಮಾಂಬಲಂನ ನೆರೆಹೊರೆಯವರು ನಕ್ಕರು. ನಗಲಿ, ನನಗೆ ಕಾರಣವಿತ್ತು. ಮಗ ಇರುವುದು ಮೆಕ್ಸಿಕೋದಲ್ಲಿ, ಸೊಸೆ ಅಲ್ಲಿಯವಳು. ಮೊಮ್ಮಗಳು ಫೋನಿನಲ್ಲಿ ಉದ್ದದ ಕಥೆಯೊಂದನ್ನು ಹೇಳಿ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ತಲೆಯಾಡಿಸುವ ಅಜ್ಜಿಗೆ ಮಗು ಎಷ್ಟು ದಿನ ಅಂತ ಕಥೆ ಹೇಳೀತು?

2019ರ ಫೆಬ್ರವರಿಯಲ್ಲಿ ಮಗನ ಮನೆಗೆ ಹೋದವಳು ಅಲ್ಲಿಂದ ಪಕ್ಕದ ದೇಶ ಗ್ವಾಟೆಮಾಲಾದ ಆಂಟಿಗುವಾ ಎಂಬ ಊರಿಗೆ ನಾಲ್ಕು ವಾರಕ್ಕೆ ಹೋದೆ. 1773ರ ಭೂಕಂಪದ ತನಕ ಆ ಸೀಮೆಗೆ ಅದೇ ರಾಜಧಾನಿಯಾಗಿತ್ತು. ಈಗ ಕುಸಿದ ಚರ್ಚುಗಳು, ಕಲ್ಲು ಹಾಸಿದ ಬೀದಿಗಳು, ದೂರದಲ್ಲಿ ಹೊಗೆಯುಗುಳುವ ಫ್ಯೂಗೋ ಬೆಟ್ಟ, ಜೊತೆಗೆ ಎಲ್ಲಿ ನೋಡಿದರೂ ಸ್ಪ್ಯಾನಿಷ್ ಶಾಲೆಗಳು. ಪದ್ಧತಿ ಸರಳ. ಒಬ್ಬ ವಿದ್ಯಾರ್ಥಿಗೆ ಒಬ್ಬ ಟೀಚರು. ದಿನಕ್ಕೆ ನಾಲ್ಕು ತಾಸು ಎದುರುಬದುರು ಕೂತು ಮಾತು. ಮಿಕ್ಕ ಹೊತ್ತು ಊರಿನವರ ಮನೆಯಲ್ಲೇ ಊಟ, ವಾಸ. ಇಂಗ್ಲಿಷಿನ ಆಸರೆ ಇಲ್ಲ. ಬಾವಿಗೆ ತಳ್ಳಿ ಈಜು ಕಲಿಸಿದ ಹಾಗೆ.

ಮೊದಲ ವಾರ ಒಂದು ರಾತ್ರಿ, ಊಟಕ್ಕೆ ಕೂತು ‘ಸುಸ್ತಾಗಿದೆ’ ಅನ್ನಲು ಹೋಗಿ ‘ಎಸ್ತೋಯ್ ಕಸಾದಾ’ ಅಂದೆ. ‘ಕನ್ಸಾದಾ’ ಅನ್ನಬೇಕಿತ್ತು. ನಾನು ಆಡಿದ್ದರ ಅರ್ಥ ‘ನನಗೆ ಮದುವೆಯಾಗಿದೆ’ ಅಂತ. ‘ಎರಡೂ ಒಂದೇ ಬಿಡಿ’ ಎಂದು ಮನೆಯಾಕೆ ನಕ್ಕರು. ನಾನೂ ನಕ್ಕೆ. ನಾಚಿಕೆ ಅನ್ನಿಸಲೇ ಇಲ್ಲ.

ಮೂರನೇ ವಾರ ಟೀಚರು ‘ಮೆ ಗುಸ್ತಾ’ ಪ್ರಯೋಗ ಹೇಳಿಕೊಟ್ಟರು. ಇಂಗ್ಲಿಷಿನವರಿಗೆ ಇದು ಕಬ್ಬಿಣದ ಕಡಲೆ. ಅವರಲ್ಲಿ ‘ನಾನು’ ಕಾಫಿಯನ್ನು ಇಷ್ಟಪಡುತ್ತೇನೆ. ಇಲ್ಲಿ ಕಾಫಿಯೇ ಕರ್ತೃ, ಅದು ‘ನನಗೆ’ ಹಿಡಿಸುತ್ತದೆ. ಕನ್ನಡದವಳಿಗೆ ಇದೇನು ಕಷ್ಟ? ಟೀಚರು ಮೆಚ್ಚಿದರು. ಹಿಗ್ಗಿನಿಂದ ಮನೆಗೆ ನಡೆಯುತ್ತಿದ್ದಾಗ ‘ಎನಕ್ಕು ಪಿಡಿಕ್ಕುಂ’ ಎಂಬ ತಮಿಳು ಮಾತು ನೆನಪಾಯಿತು. ಅದೂ ಇದೇ ಕಟ್ಟಿನದು, ನಮಗೆ ಇನ್ನೂ ಹತ್ತಿರದ್ದು. 1993ರಿಂದ ಕಿವಿಗೆ ಬೀಳುತ್ತಿದ್ದರೂ ಒಮ್ಮೆಯೂ ನನ್ನ ಬಾಯಿಗೆ ಬಂದಿರಲಿಲ್ಲ.

ಚೆನ್ನೈನಲ್ಲಿ ನನಗಿದ್ದ ತಮಿಳು ಮೂರೇ ಮಾತು: ಎವ್ವಳವು, ವೇಂಡಾಂ, ಸೀಕ್ರಂ. ಎಷ್ಟು, ಬೇಡ, ಬೇಗ. ಆಫೀಸಿನಲ್ಲಿ ಇಂಗ್ಲಿಷು, ಮನೆಯಲ್ಲೂ ಸಂಘದಲ್ಲೂ ಕನ್ನಡ, ಬೀದಿಗೆ ಈ ಮೂರು. ನೀವೇ ನೋಡಿ, ಮೂರೂ ಯಜಮಾನಿಕೆಯ ಮಾತು. ಹೂವಿನಾಕೆ ನನಗೋಸ್ಕರ ಕೈಸನ್ನೆ ಮಾಡಿದಳು, ಒಂದೆರಡು ಕನ್ನಡ ಪದ ಕಲಿತಳು. ಬಗ್ಗಿದ್ದು ಅವಳು. ‘ನಮಗೆ ತಮಿಳು ಬರೋಲ್ಲ ಕಣ್ರೀ’ ಅಂತ ನಾನು ಹೇಳಿಕೊಳ್ಳುತ್ತಿದ್ದೆ, ಅದನ್ನೇ ಕನ್ನಡಾಭಿಮಾನ ಅಂದುಕೊಂಡು. ಬೆಂಗಳೂರಿಗೆ ಬಂದವರು ಕನ್ನಡ ಕಲಿಯೋಲ್ಲ ಅಂತ ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟಾಗುತ್ತಿದ್ದವಳೂ ನಾನೇ!

ಆಂಟಿಗುವಾದಲ್ಲಿ ಇಲ್ಲದ ನಾಚಿಕೆ ಮಾಂಬಲಂನಲ್ಲಿ ಯಾಕಿತ್ತು? ಅಲ್ಲಿ ನಾನು ದುಡ್ಡು ಕೊಟ್ಟಿದ್ದೆ. ತಪ್ಪು ಮಾಡುವ ಹಕ್ಕನ್ನೂ ಕೊಂಡುಕೊಂಡ ಹಾಗಿತ್ತು. ನಾಲ್ಕು ವಾರ ಕಳೆದರೆ ಅವರು ಯಾರೋ, ನಾನು ಯಾರೋ. ದಿನಾ ಎದುರಾಗುವ ಹೂವಿನಾಕೆಯ ಮುಂದೆ ತೊದಲುವುದೆಂದರೆ ಒಂದು ಮೆಟ್ಟಿಲು ಇಳಿದ ಹಾಗೆ. ನನಗೆ ಬೇಡವಾಗಿದ್ದದ್ದು ತಮಿಳಲ್ಲ, ಆ ಇಳಿಯುವಿಕೆ.

ಹಾಗಾದರೆ ಹೊರಗಿನಿಂದ ಬಂದವರೆಲ್ಲ ಊರಿನ ಭಾಷೆ ಕಲಿಯಲೇಬೇಕು ಅಂತ ತೀರ್ಪು ಕೊಡೋಣವೇ? ಅಲ್ಲೂ ಆ ಮನೆಯಾಕೆ ನನ್ನನ್ನು ತಡೆದರು. ಅವರ ತಾಯಿ ಹತ್ತಿರದ ನೇಕಾರರ ಊರಿನವರು, ಮಾತು ಕಾಕ್ಚಿಕೆಲ್. ಗ್ವಾಟೆಮಾಲಾದಲ್ಲಿ ಮಾಯಾ ಭಾಷೆಗಳೇ 22 ಇವೆ. 2003ರ ಕಾನೂನು ಅವಕ್ಕೆಲ್ಲ ಮಾನ್ಯತೆ ಕೊಟ್ಟಿದೆ, ಆದರೆ ಅಧಿಕೃತ ಭಾಷೆ ಸ್ಪ್ಯಾನಿಷ್ ಒಂದೇ. ‘ಅಮ್ಮನ ಮಾತು ಕೇಳಿ ಪೇಟೆಯಲ್ಲಿ ನಗುತ್ತಿದ್ದರು. ಅದಕ್ಕೇ ಅಮ್ಮ ನಮಗೆ ಅದನ್ನು ಕಲಿಸಲಿಲ್ಲ’ ಅಂದರು. ಆ ತಾಯಿಯೂ ಸ್ಪ್ಯಾನಿಷಿನಲ್ಲಿ ಮುಳುಗಿಯೇ ಕಲಿತವರು. ನಾನು ಈಜಲು ಇಳಿದವಳು, ಆಕೆಯನ್ನು ತಳ್ಳಿದ್ದರು. ನನ್ನ ಕೈಯಲ್ಲಿ ವಾಪಸ್ ಟಿಕೆಟ್ ಇತ್ತು.

ಆದ್ದರಿಂದ ಈಗ ನನಗೆ ಅನ್ನಿಸುವುದು ಇಷ್ಟು. ನೆಲದ ಭಾಷೆಯ ಋಣ ಎಲ್ಲರ ಮೇಲೂ ಒಂದೇ ತೂಕದ್ದಲ್ಲ. ಕೂಲಿಗೆ ಬಂದವನಿಗೆ ಯಾರೂ ಹೇಳಬೇಕಾಗಿಲ್ಲ, ಹೊಟ್ಟೆಪಾಡೇ ಅವನಿಗೆ ಕಲಿಸುತ್ತದೆ. ಕಲಿಯದೆಯೂ ಬದುಕಬಲ್ಲವರು ನನ್ನಂಥವರು. ಯಾರಿಗೆ ಅಗತ್ಯ ಕಡಿಮೆಯೋ ಅವರ ಮೇಲೇ ಈ ಋಣ ಹೆಚ್ಚು.

ಈಗ ಮೊಮ್ಮಗಳ ಕಥೆ ಅರ್ಧದಷ್ಟಾದರೂ ತಿಳಿಯುತ್ತದೆ. ನಾನು ತಪ್ಪು ಮಾತಾಡಿದರೆ ತಿದ್ದುತ್ತಾಳೆ.

ಚೆನ್ನೈಗೆ ಮರಳಿದ ಮಾರನೇ ದಿನ ಹೂವಿನಾಕೆಯ ಹತ್ತಿರ ಹೋಗಿ, ‘ಎನಕ್ಕು ಮಲ್ಲಿಗೈ ರೊಂಬ ಪಿಡಿಕ್ಕುಂ’ ಅಂದೆ. ಮೊಳ ಹಾಕುತ್ತಿದ್ದ ಅವಳ ಕೈ ನಿಂತಿತು. ‘ಇತ್ತನೆ ವರುಷಂ ಎಂಗಮ್ಮಾ ಇರುಂದೀಂಗ?’ ಅಂತ ಕೇಳಿದಳು. ಇಷ್ಟು ವರ್ಷ ಎಲ್ಲಿದ್ರಿ ಅಮ್ಮಾ ಅಂತ.

ಅದಕ್ಕೆ ಉತ್ತರ ಹೇಳುವಷ್ಟು ತಮಿಳು ನನಗಿನ್ನೂ ಬಂದಿರಲಿಲ್ಲ.